ಆಸ್ಪತ್ರೆಯಿಂದ ಡೇಟಾ ಸೋರಿದರೆ ಯಾವ ಬಾಗಿಲು ತಟ್ಟಬೇಕು?

ಆಸ್ಪತ್ರೆಯಿಂದಲೋ ಲ್ಯಾಬಿನಿಂದಲೋ ಒಂದು ಇಮೇಲ್ ಬರುತ್ತದೆ. ‘ನಮ್ಮ ಸರ್ವರ್‌ಗೆ ಯಾರೋ ನುಗ್ಗಿದ್ದಾರೆ, ನಿಮ್ಮ ಮಾಹಿತಿಯೂ ಅದರಲ್ಲಿ ಇರಬಹುದು’ ಅಂತ. ಎಷ್ಟೋ ಸಲ ಅದೂ ಬರುವುದಿಲ್ಲ, ಪೇಪರ್ ಓದಿಯೇ ಗೊತ್ತಾಗಬೇಕು. ಇಲ್ಲವೇ ನಿಮ್ಮ ಶುಗರ್ ಎಷ್ಟಿದೆ ಅಂತ ತಿಳಿದುಕೊಂಡೇ ಯಾರೋ ಔಷಧಿ ಮಾರಲು ಫೋನ್ ಮಾಡಿದಾಗ ಗೊತ್ತಾಗಬೇಕು. ಆಮೇಲೆ ಬರುವ ಗೊಂದಲ ಹೆಚ್ಚುಕಡಿಮೆ ಎಲ್ಲರದೂ ಒಂದೇ. ಗ್ರಾಹಕರ ಕೋರ್ಟಿಗೆ ಹೋಗಲಾ? ಪೊಲೀಸ್ ಕಂಪ್ಲೇಂಟ್ ಕೊಡಲಾ? ಡೇಟಾಗೆ ಅಂತಲೇ ಹೊಸ ಬೋರ್ಡ್ ಬಂದಿದೆಯಂತಲ್ಲ, ಅಲ್ಲಿಗೆ ಬರೆಯಲಾ?

ದಾರಿಗಳು ಈ ಮೂರಕ್ಕಿಂತ ಜಾಸ್ತಿಯೇ ಇವೆ. ತೊಂದರೆ ಏನೆಂದರೆ ಒಂದೊಂದರಲ್ಲಿ ಸಿಗುವುದು ಒಂದೊಂದು. ಅತಿ ಹೆಚ್ಚು ಸದ್ದು ಮಾಡುವ ದಾರಿಯಲ್ಲಿ ರೋಗಿಯ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಹಣ ಸಿಗಬಹುದಾದ ಇನ್ನೊಂದು ದಾರಿಗೆ ಕೊನೆಯ ದಿನ ಆಗಲೇ ಗೊತ್ತಾಗಿದೆ. ಇಲ್ಲಿ ಹೇಳುವುದೆಲ್ಲ ಭಾರತದ ಕಾನೂನು. ಅಮೆರಿಕದಲ್ಲಿ ಲಕ್ಷಾಂತರ ರೋಗಿಗಳು ಸೇರಿ ಒಂದೇ ಕೇಸು ಹಾಕಿದ ಸುದ್ದಿ ಓದಿ, ಇಲ್ಲೂ ಹಾಗೇ ಚೆಕ್ ಮನೆಗೆ ಬರುತ್ತದೆ ಅಂದುಕೊಳ್ಳಬೇಡಿ. ಅಷ್ಟಕ್ಕೂ ರೋಗಿಗಳ ಮಾಹಿತಿ ಕಾಪಾಡಲು ಇರುವ ಅಲ್ಲಿನ ಪ್ರಸಿದ್ಧ ಹಿಪಾ ಕಾಯ್ದೆಯ ಅಡಿಯಲ್ಲಿ ರೋಗಿ ನೇರವಾಗಿ ದಾವೆ ಹೂಡುವ ಹಾಗಿಲ್ಲ. ಅವರೂ ಬೇರೆ ಕಾನೂನುಗಳನ್ನು ಹಿಡಿದೇ ಕೋರ್ಟಿಗೆ ಹೋಗುತ್ತಾರೆ.

ಮೊದಲು ಇವನ್ನು ಕೇಳಿಕೊಳ್ಳಿ

ಒಂದು, ನಿಮಗೆ ಬೇಕಾಗಿರುವುದು ಏನು? ಪರಿಹಾರದ ಹಣವಾ, ಆನ್‌ಲೈನ್‌ನಲ್ಲಿ ಓಡಾಡುತ್ತಿರುವ ನಿಮ್ಮ ರಿಪೋರ್ಟನ್ನು ತೆಗೆಸುವುದಾ, ಕದ್ದವನಿಗೆ ಶಿಕ್ಷೆಯಾ, ಆಸ್ಪತ್ರೆಗೆ ಬಿಸಿ ಮುಟ್ಟಿಸುವುದಾ? ‘ಎಲ್ಲವೂ ಬೇಕು’ ಅನ್ನುವುದು ಸಹಜ. ಆದರೆ ಯಾವುದು ಮೊದಲು ಅಂತ ತೀರ್ಮಾನ ಆಗದಿದ್ದರೆ ನಾಲ್ಕು ಕಡೆ ಅರ್ಜಿ ಕೊಟ್ಟು ಎಲ್ಲೂ ಮುಂದೆ ಹೋಗದೆ ನಿಲ್ಲುತ್ತೀರಿ.

ಎರಡು, ಸೋರಿದ್ದು ಯಾರ ಕೈಯಿಂದ? 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ರಾನ್ಸಮ್‌ವೇರ್ ದಾಳಿ, ಅಂದರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದಾಳಿ ಆಯಿತು. ಎಷ್ಟೋ ದಿನ ಅಲ್ಲಿ ಹೊರರೋಗಿಗಳ ಕೆಲಸ ಕಾಗದ ಪೆನ್ನಿನಲ್ಲೇ ನಡೆಯಿತು. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ಪಾಲಿಸಿ, ಕ್ಲೇಮು ಮತ್ತು ವೈದ್ಯಕೀಯ ದಾಖಲೆಗಳು ಟೆಲಿಗ್ರಾಂನ ಚಾಟ್‌ಬಾಟ್‌ಗಳಲ್ಲಿ ಸಿಗತೊಡಗಿದವು. ರೋಗಿಗೆ ಆದ ಕಿರಿಕಿರಿ ಎರಡರಲ್ಲೂ ಒಂದೇ ಬಗೆಯದು. ಆದರೆ ಒಂದು ಸರ್ಕಾರಿ ಆಸ್ಪತ್ರೆ, ಇನ್ನೊಂದು ಖಾಸಗಿ ಕಂಪನಿ. ಅಷ್ಟು ಸಾಕು, ತಟ್ಟಬೇಕಾದ ಬಾಗಿಲೇ ಬದಲಾಗುತ್ತದೆ.

ಮೂರು, ನಿಮಗೆ ಆದ ನಷ್ಟ ಏನು, ಅದನ್ನು ತೋರಿಸಲು ಆಗುತ್ತದಾ? ಖಾತೆಯಿಂದ ಹಣ ಹೋಗಿದೆ, ಕೆಲಸ ಹೋಗಿದೆ, ಮದುವೆ ಮಾತುಕತೆ ಮುರಿದಿದೆ, ಯಾರೋ ಬೆದರಿಸುತ್ತಿದ್ದಾರೆ. ಇವೆಲ್ಲ ಒಂದು ತೂಕ. ‘ಸೋರಿಕೆಯಾದ ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ಮನಸ್ಸಿಗೆ ನೆಮ್ಮದಿ ಇಲ್ಲ’ ಅನ್ನುವುದು ಇನ್ನೊಂದು ತೂಕ. ಎರಡನೆಯದಕ್ಕೆ ಬೆಲೆ ಇಲ್ಲ ಅಂತಲ್ಲ. ಎಲ್ಲ ಕಡೆಯೂ ಅದಕ್ಕೆ ಒಂದೇ ಬೆಲೆ ಇಲ್ಲ, ಅಷ್ಟೇ.

ನಾಲ್ಕು, ಇನ್ನೂ ಎಷ್ಟು ಬಯಲಾಗಲು ತಯಾರಿದ್ದೀರಿ? ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಕೇಸು ಹಾಕಿದರೆ ನಿಮ್ಮ ಹೆಸರು, ಕಾಯಿಲೆ, ಚಿಕಿತ್ಸೆ ಎಲ್ಲ ಅರ್ಜಿಯಲ್ಲಿ ಬರೆಯಬೇಕು. ಆದೇಶಗಳು ಆನ್‌ಲೈನ್‌ಗೆ ಬರುತ್ತವೆ. ಗುಟ್ಟು ಹೊರಬಿತ್ತು ಅಂತ ದೂರು ಕೊಡಲು ಹೋಗಿ ಗುಟ್ಟನ್ನು ನಾವೇ ಇನ್ನಷ್ಟು ಹರಡಿದ ಹಾಗೆ ಆಗಬಾರದು ಅಲ್ವಾ?

ಹಣ ಮತ್ತು ಸಮಯದ ಲೆಕ್ಕ ಆಯಾ ದಾರಿಯ ಜೊತೆಗೇ ಹೇಳುತ್ತೇನೆ.

ಯಾವ ದಾರಿ ಹಿಡಿದರೂ ತಪ್ಪದ ಕೆಲಸ

ವಕೀಲರನ್ನು ಹುಡುಕುವ ಮೊದಲು ಒಂದು ಪತ್ರ ಬರೆಯಿರಿ. ಸೂಕ್ಷ್ಮ ಮಾಹಿತಿ ಇಟ್ಟುಕೊಳ್ಳುವ ಸಂಸ್ಥೆಗಳು ದೂರು ಕೇಳುವ ಒಬ್ಬ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ವಿಳಾಸವನ್ನು ವೆಬ್‌ಸೈಟಿನಲ್ಲಿ ಹಾಕಬೇಕು ಅಂತ 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ಆ ಗ್ರೀವೆನ್ಸ್ ಆಫೀಸರ್ ಒಂದು ತಿಂಗಳೊಳಗೆ ದೂರು ಬಗೆಹರಿಸಬೇಕು. ಅವರಿಗೆ ಇಮೇಲ್ ಕಳಿಸಿ, ಅದನ್ನೇ ಸ್ಪೀಡ್ ಪೋಸ್ಟಿನಲ್ಲೂ ಹಾಕಿ. ನನ್ನ ಯಾವ ಮಾಹಿತಿ ಸೋರಿದೆ, ಯಾವತ್ತು ಸೋರಿತು, ನಿಮಗೆ ಯಾವತ್ತು ಗೊತ್ತಾಯಿತು, ಸರ್ಟ್-ಇನ್‌ಗೆ ತಿಳಿಸಿದ್ದೀರಾ, ಈಗ ಏನು ಮಾಡುತ್ತಿದ್ದೀರಿ? ಈ ಐದು ಪ್ರಶ್ನೆ ಸಾಕು. ಸರ್ಟ್-ಇನ್ ಅಂದರೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. 2022ರ ಏಪ್ರಿಲ್‌ನಲ್ಲಿ ಅದು ಹೊರಡಿಸಿದ ನಿರ್ದೇಶನದ ಪ್ರಕಾರ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ತಿಳಿಸಿಲ್ಲ ಅಂದರೆ ಅದೇ ನಿಮ್ಮ ವಾದಕ್ಕೆ ಒಂದು ಆಧಾರ.

ಆಸ್ಪತ್ರೆ ಉತ್ತರ ಕೊಟ್ಟರೆ ಅದು ಸಾಕ್ಷ್ಯ. ಕೊಡದಿದ್ದರೆ ಆ ಮೌನವೂ ಸಾಕ್ಷ್ಯ.

ಜೊತೆಗೆ ನಿಮ್ಮ ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನೂ ಕೇಳಿ. ವೈದ್ಯರ ನಡವಳಿಕೆಯ 2002ರ ನಿಯಮಾವಳಿ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಬಿಲ್ಲು, ರಸೀದಿ, ಬಂದ ಮೆಸೇಜು, ಅನುಮಾನದ ಕರೆಗಳ ಪಟ್ಟಿ, ಸ್ಕ್ರೀನ್‌ಶಾಟು, ಎಲ್ಲ ಒಂದೇ ಕಡೆ ಇಡಿ. ಮೂಲ ಫೋನಿನಿಂದ ಮೆಸೇಜು ಅಳಿಸಬೇಡಿ. ಕೋರ್ಟಿಗೆ ಸ್ಕ್ರೀನ್‌ಶಾಟ್ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ. ಆಗ ಮೂಲ ಸಾಧನ ಕೈಯಲ್ಲಿದ್ದರೆ ಒಳ್ಳೆಯದು.

ಗ್ರಾಹಕರ ಆಯೋಗ: ಹೆಚ್ಚಿನವರಿಗೆ ಇದೇ ಸರಿ

ನನ್ನ ಒಲವು ಯಾವ ಕಡೆ ಅಂತ ಮುಚ್ಚಿಡುವುದಿಲ್ಲ. ದುಡ್ಡು ಕೊಟ್ಟು ಚಿಕಿತ್ಸೆ ಪಡೆದವರಿಗೆ, ಪರಿಹಾರ ಬೇಕು ಅನ್ನುವವರಿಗೆ, ಜಿಲ್ಲಾ ಗ್ರಾಹಕರ ಆಯೋಗವೇ ಮೊದಲ ಆಯ್ಕೆ.

ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ, ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿಬಿಟ್ಟಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಗ್ರಾಹಕ ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಅನುಮತಿ ಇಲ್ಲದೆ ಬೇರೆಯವರಿಗೆ ಬಿಟ್ಟುಕೊಡುವುದು ಅದರ ಪ್ರಕಾರ ‘ಅನುಚಿತ ವ್ಯಾಪಾರ ಪದ್ಧತಿ’. ಲ್ಯಾಬಿನವರು ನಿಮ್ಮ ನಂಬರ್ ಮತ್ತು ರಿಪೋರ್ಟನ್ನು ಇನ್ನೊಂದು ಕಂಪನಿಗೆ ಕೊಟ್ಟಿದ್ದರೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಹ್ಯಾಕರ್ ನುಗ್ಗಿ ಕದ್ದಿದ್ದರೆ ವಾದ ಸ್ವಲ್ಪ ಬೇರೆ. ಆಗ ‘ಸೇವೆಯಲ್ಲಿ ನ್ಯೂನತೆ’ ಅನ್ನಬೇಕು. ದಾಖಲೆ ಜೋಪಾನ ಮಾಡುವುದೂ ಸೇವೆಯ ಭಾಗ, ಅದರಲ್ಲಿ ಎಡವಿದ್ದಾರೆ ಅಂತ. ‘ನಾವೂ ದಾಳಿಗೆ ತುತ್ತಾದವರೇ’ ಎಂದು ಆಸ್ಪತ್ರೆ ಹೇಳಿಯೇ ಹೇಳುತ್ತದೆ. ಅದಕ್ಕೇ ಮೇಲೆ ಹೇಳಿದ ಐದು ಪ್ರಶ್ನೆಗಳ ಪತ್ರ ಅಷ್ಟು ಮುಖ್ಯ.

ಖರ್ಚು ಕಡಿಮೆ. ಸೇವೆಗೆ ನೀವು ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಆಯೋಗದ ಶುಲ್ಕವೇ ಇಲ್ಲ. ಗಮನಿಸಿ, ಇಲ್ಲಿ ಲೆಕ್ಕಕ್ಕೆ ಬರುವುದು ನೀವು ಕೇಳುವ ಪರಿಹಾರವಲ್ಲ, ಆಸ್ಪತ್ರೆಗೆ ಕಟ್ಟಿದ ಹಣ. ಅದು 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ. ಹಾಗಾಗಿ ಬಹುತೇಕ ಎಲ್ಲ ರೋಗಿಗಳೂ ಜಿಲ್ಲಾ ಆಯೋಗಕ್ಕೇ ಬರುತ್ತಾರೆ. ಆಸ್ಪತ್ರೆ ಬೆಂಗಳೂರಲ್ಲಿದ್ದು ನೀವು ರಾಯಚೂರಲ್ಲಿದ್ದರೆ ರಾಯಚೂರಿನ ಆಯೋಗದಲ್ಲೇ ದೂರು ಕೊಡಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ವಕೀಲರು ಕಡ್ಡಾಯವಲ್ಲ. ಆದರೂ ಡೇಟಾ ವಿಷಯದಲ್ಲಿ ತಾಂತ್ರಿಕ ವಾದ ಬರುವುದರಿಂದ, ದೂರಿನ ಕರಡನ್ನಾದರೂ ಒಬ್ಬ ವಕೀಲರಿಗೆ ತೋರಿಸಿದರೆ ಒಳ್ಳೆಯದು.

ಮಾನಸಿಕ ಯಾತನೆಗೂ ಪರಿಹಾರ ಕೊಡುವ ರೂಢಿ ಇರುವುದು ಈ ದಾರಿಯ ದೊಡ್ಡ ಗುಣ. ಖಾತೆಯಿಂದ ಹಣ ಹೋಗದಿದ್ದರೂ ‘ನನ್ನ ಗರ್ಭಪಾತದ ವಿಷಯ ಅತ್ತೆ ಮನೆಯವರಿಗೆ ಗೊತ್ತಾಗಿ ನರಕ ಅನುಭವಿಸಿದೆ’ ಅನ್ನುವ ಮಾತಿಗೆ ಇಲ್ಲಿ ಕಿವಿ ಇದೆ.

ಇನ್ನು ಕೊರತೆಗಳು. ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತೀರ್ಮಾನ ಮಾಡಬೇಕು ಅಂತ ಕಾಯ್ದೆ ಹೇಳಿದರೂ ಅಷ್ಟು ಬೇಗ ಆಗುವುದು ಅಪರೂಪ. ವರ್ಷಗಟ್ಟಲೆ ಕಾಯಲು ಸಿದ್ಧರಾಗಿಯೇ ಹೋಗಿ. ದೂರು ಕೊಡಲು ಎರಡು ವರ್ಷದ ಗಡುವಿದೆ. ಸೋರಿಕೆ ಗೊತ್ತಾದ ದಿನದಿಂದ ಲೆಕ್ಕ ಹಾಕಿ ಅಂತ ವಾದಿಸಬಹುದು. ಆದರೆ ಸೋರಿಕೆ ನಡೆದ ದಿನದಿಂದಲೇ ಎಣಿಸಿಕೊಂಡರೆ ತಲೆನೋವು ಇಲ್ಲ. ಹೆಸರು ಮುಚ್ಚಿಡುವಂತೆ ಕೇಳಿ ಪ್ರತ್ಯೇಕ ಅರ್ಜಿ ಹಾಕಬಹುದು, ಒಪ್ಪುವುದು ಬಿಡುವುದು ಆಯೋಗಕ್ಕೆ ಬಿಟ್ಟದ್ದು.

ಪೂರ್ತಿ ಉಚಿತವಾಗಿ ಎಲ್ಲರಿಗೂ ಸೇವೆ ಕೊಡುವ ಸರ್ಕಾರಿ ಅಥವಾ ಧರ್ಮಾರ್ಥ ಆಸ್ಪತ್ರೆ ಈ ಕಾನೂನಿಗೆ ಸಿಗುವುದಿಲ್ಲ. ಓಪಿಡಿ ಚೀಟಿಗೆ ಕೊಟ್ಟ ಚಿಲ್ಲರೆ ದುಡ್ಡು ಲೆಕ್ಕಕ್ಕಿಲ್ಲ. ಆದರೆ ಅದೇ ಆಸ್ಪತ್ರೆ ಕೆಲವರಿಂದ ದುಡ್ಡು ತೆಗೆದುಕೊಂಡು ಕೆಲವರಿಗೆ ಉಚಿತ ಕೊಡುತ್ತಿದ್ದರೆ, ಉಚಿತ ಪಡೆದವರೂ ಗ್ರಾಹಕರೇ. ಬಿಲ್ಲನ್ನು ವಿಮಾ ಕಂಪನಿ ಕಟ್ಟಿದ್ದರೂ ನೀವು ಗ್ರಾಹಕರೇ. ಇಎಸ್‌ಐ ಆಸ್ಪತ್ರೆಯ ಕಾರ್ಮಿಕರೂ ಗ್ರಾಹಕರು ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ.

ಸೋರಿಕೆಯಲ್ಲಿ ನೂರಾರು ಜನ ಸಿಕ್ಕಿಬಿದ್ದಿದ್ದರೆ, ಒಂದೇ ಹಿತಾಸಕ್ತಿ ಇರುವ ಎಲ್ಲರ ಪರವಾಗಿ ಒಬ್ಬಿಬ್ಬರು ದೂರು ಕೊಡಲು 35ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಅದಕ್ಕೆ ಆಯೋಗದ ಅನುಮತಿ ಬೇಕು. ವಕೀಲರ ಖರ್ಚು ಹಂಚಿಹೋಗುತ್ತದೆ, ನಿಮ್ಮೊಬ್ಬರ ಹೆಸರೇ ಎದ್ದು ಕಾಣುವುದೂ ತಪ್ಪುತ್ತದೆ. ಆದರೆ ನಿಮಗೆ ಉಳಿದವರಿಗಿಂತ ಜಾಸ್ತಿ ನಷ್ಟ ಆಗಿದ್ದರೆ ಗುಂಪಿನಲ್ಲಿ ಹೋಗಬೇಡಿ. ಗುಂಪಿಗೆ ಸಿಗುವುದು ಸರಾಸರಿ ಪರಿಹಾರ.

43ಎ: ದೊಡ್ಡ ನಷ್ಟಕ್ಕೆ, ಗಡುವಿನೊಳಗೆ

ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ ಇಂಥ ಪ್ರಸಂಗಕ್ಕೇ ಹೊಲಿದ ಅಂಗಿ. ಸೂಕ್ಷ್ಮ ವೈಯಕ್ತಿಕ ಮಾಹಿತಿ ಇಟ್ಟುಕೊಂಡ ಸಂಸ್ಥೆ ತಕ್ಕಷ್ಟು ಭದ್ರತೆ ಮಾಡದೆ ಅಸಡ್ಡೆ ತೋರಿ, ಅದರಿಂದ ಒಬ್ಬರಿಗೆ ನಷ್ಟವಾದರೆ ಪರಿಹಾರ ಕೊಡಬೇಕು. ವೈದ್ಯಕೀಯ ದಾಖಲೆ, ದೇಹ ಮತ್ತು ಮನಸ್ಸಿನ ಆರೋಗ್ಯ ಸ್ಥಿತಿ, ಬೆರಳಚ್ಚಿನಂಥ ಬಯೋಮೆಟ್ರಿಕ್, ಇವೆಲ್ಲ ಸೂಕ್ಷ್ಮ ಮಾಹಿತಿ ಅಂತ 2011ರ ನಿಯಮಗಳು ಹೆಸರಿಸಿಯೇ ಹೇಳುತ್ತವೆ.

ದೂರು ಹೋಗುವುದು ಕೋರ್ಟಿಗಲ್ಲ. ಪ್ರತಿ ರಾಜ್ಯದಲ್ಲೂ ಐಟಿ ಇಲಾಖೆಯ ಕಾರ್ಯದರ್ಶಿಯೇ ಅಡ್ಜುಡಿಕೇಟಿಂಗ್ ಆಫೀಸರ್, ಅಂದರೆ ತೀರ್ಪು ಕೊಡುವ ಅಧಿಕಾರಿ. 5 ಕೋಟಿ ರೂಪಾಯಿವರೆಗಿನ ಬೇಡಿಕೆಯನ್ನು ಅವರು ನೋಡುತ್ತಾರೆ. ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ದೆಹಲಿಯ ಟಿಡಿಸ್ಯಾಟ್ ನ್ಯಾಯಮಂಡಳಿಗೆ ಮೇಲ್ಮನವಿ. 2013ರಲ್ಲಿ ಮಹಾರಾಷ್ಟ್ರದ ಅಡ್ಜುಡಿಕೇಟಿಂಗ್ ಆಫೀಸರ್ ಆನ್‌ಲೈನ್ ವಂಚನೆಯ ಒಂದು ಪ್ರಕರಣದಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್ ತನ್ನ ಗ್ರಾಹಕ ಸಂಸ್ಥೆಗೆ 45 ಲಕ್ಷ ರೂಪಾಯಿ ಕೊಡಬೇಕು ಅಂತ ಆದೇಶಿಸಿದರು. ಅದು ಬ್ಯಾಂಕಿನ ವಿಷಯ, ಆಸ್ಪತ್ರೆಯದಲ್ಲ. ಆದರೂ ಈ ಕುರ್ಚಿಗೆ ಹಲ್ಲಿದೆ ಅಂತ ತಿಳಿಯಲು ಸಾಕು.

ತೊಡಕುಗಳು ಮೂರು. ಕೇಳುವ ಮೊತ್ತ ಏರಿದಂತೆ ಅರ್ಜಿ ಶುಲ್ಕವೂ ಏರುತ್ತದೆ. ನಷ್ಟವನ್ನು ತೋರಿಸಲೇಬೇಕು, ಬರೀ ಆತಂಕದ ಮೇಲೆ ಈ ದಾರಿ ಕಷ್ಟ. ಮತ್ತೆ ಇದು ಕಂಪನಿ, ಪಾಲುದಾರಿಕೆ ಸಂಸ್ಥೆ, ಸ್ವಂತ ಕ್ಲಿನಿಕ್‌ನಂಥ ವ್ಯವಹಾರಗಳಿಗೆ ಅನ್ವಯಿಸುವ ಕಲಂ. ಸರ್ಕಾರಿ ಆಸ್ಪತ್ರೆಯ ಮೇಲೆ ಇದನ್ನು ಎಳೆದು ತರುವುದು ಕಷ್ಟ.

ಇದಕ್ಕಿಂತ ದೊಡ್ಡ ವಿಷಯ ಗಡುವಿನದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದಾಗ ಅದರಲ್ಲೇ ‘43ಎ ತೆಗೆದುಹಾಕಲಾಗಿದೆ’ ಅಂತ ಒಂದು ಸಾಲು ಸೇರಿಕೊಂಡಿತು. ಆ ಸಾಲು ತಕ್ಷಣ ಜಾರಿಗೆ ಬರಲಿಲ್ಲ. 2025ರ ನವೆಂಬರ್‌ನಲ್ಲಿ ಹೊರಬಿದ್ದ ಅಧಿಸೂಚನೆ ಅದಕ್ಕೆ 18 ತಿಂಗಳ ಸಮಯ ಕೊಟ್ಟಿದೆ. ಲೆಕ್ಕ ಹಾಕಿದರೆ 2027ರ ಮೇ ಮಧ್ಯಭಾಗ. ಅಂದರೆ ರೋಗಿಗೆ ನೇರವಾಗಿ ಪರಿಹಾರ ಕೊಡಿಸುತ್ತಿದ್ದ ಕಲಂ ಹೋಗುತ್ತದೆ, ಅದರ ಜಾಗಕ್ಕೆ ಬರುವ ಕಾಯ್ದೆಯಲ್ಲಿ ಪರಿಹಾರದ ಮಾತೇ ಇಲ್ಲ. ಯಾಕೆ ಹೀಗೆ ಮಾಡಿದರು ಅನ್ನುವುದು ನನಗಂತೂ ಅರ್ಥವಾಗುವುದಿಲ್ಲ. ಅದು ಏನೇ ಇರಲಿ, ನಷ್ಟ ದೊಡ್ಡದಾಗಿದ್ದು ಸಾಕ್ಷ್ಯ ಕೈಯಲ್ಲಿದ್ದರೆ ಆ ದಿನ ಹತ್ತಿರ ಬರುವವರೆಗೆ ಕಾಯಬೇಡಿ.

ಹೊಸ ಡೇಟಾ ಬೋರ್ಡ್: ಸದ್ದು ಜಾಸ್ತಿ, ಕೈಗೆ ಸೊನ್ನೆ

ಈ ಬೋರ್ಡ್ ಅಂದರೆ 2023ರ ಡೇಟಾ ಕಾಯ್ದೆಯ ಅಡಿಯಲ್ಲಿ ಬಂದ ಡೇಟಾ ಸಂರಕ್ಷಣಾ ಮಂಡಳಿ. 250 ಕೋಟಿ ದಂಡ ಅಂತ ಪೇಪರಿನಲ್ಲಿ ಓದಿರುತ್ತೀರಿ. ಅದು ನಿಜ. ಭದ್ರತೆ ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ, ಸೋರಿಕೆಯ ವಿಷಯ ಬೋರ್ಡಿಗೂ ಜನರಿಗೂ ತಿಳಿಸದಿದ್ದರೆ 200 ಕೋಟಿವರೆಗೆ ದಂಡ ಹಾಕಬಹುದು. ಆದರೆ ಆ ಹಣ ಹೋಗುವುದು ಭಾರತ ಸರ್ಕಾರದ ಸಂಚಿತ ನಿಧಿಗೆ. ದೂರು ಕೊಟ್ಟ ನಿಮಗೆ ಅದರಲ್ಲಿ ಪಾಲಿಲ್ಲ.

ಹಾಗಂತ ಇದು ಕೆಲಸಕ್ಕೆ ಬಾರದ ದಾರಿ ಅಲ್ಲ. ಸೋರಿಕೆಯಾದರೆ ಪ್ರತಿಯೊಬ್ಬ ಬಾಧಿತರಿಗೂ ತಡಮಾಡದೆ ಸರಳವಾಗಿ ತಿಳಿಸಬೇಕು, ಬೋರ್ಡಿಗೆ 72 ಗಂಟೆಯೊಳಗೆ ವಿವರ ಕೊಡಬೇಕು ಅಂತ ನಿಯಮ ಇದೆ. ಬೋರ್ಡ್ ತನಿಖೆ ಮಾಡಿ ‘ಇಂಥ ಭದ್ರತೆ ಇರಲಿಲ್ಲ’ ಅಂತ ಹೇಳಿದರೆ, ಅದೇ ಕಾಗದವನ್ನು ಗ್ರಾಹಕರ ಆಯೋಗದಲ್ಲಿ ಮುಂದಿಡಬಹುದು. ನಿಮ್ಮಿಂದ ಹೊರತೆಗೆಯಲು ಆಗದ ಸತ್ಯವನ್ನು ಬೋರ್ಡ್ ಹೊರತೆಗೆಯಬಲ್ಲದು. ಸರ್ಕಾರಿ ಆಸ್ಪತ್ರೆಗಳೂ ಈ ಕಾಯ್ದೆಯ ಕೈಗೆ ಸಿಗುತ್ತವೆ.

ಎರಡು ವಿಷಯ ನೆನಪಿಡಿ. ಬೋರ್ಡಿಗೆ ಹೋಗುವ ಮೊದಲು ಆಸ್ಪತ್ರೆಯಲ್ಲೇ ದೂರು ಕೊಟ್ಟು ಅಲ್ಲಿನ ದಾರಿ ಮುಗಿಸಿರಬೇಕು, ಅವರಿಗೆ 90 ದಿನದವರೆಗೆ ಸಮಯ ಇದೆ. ಮತ್ತೆ ಭದ್ರತೆ, ತಿಳಿಸುವಿಕೆ, ದಂಡ, ಈ ಕಲಂಗಳೆಲ್ಲ ಜಾರಿಯಾಗುವುದೂ ಅದೇ 2027ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲು ಆದ ಸೋರಿಕೆಗೆ ಈ ದಂಡ ಬೀಳುತ್ತದೆ ಅಂತ ನೆಚ್ಚಿಕೊಂಡು ಕೂರಬೇಡಿ. ಸುಳ್ಳು ಅಥವಾ ಹುಡುಗಾಟದ ದೂರು ಕೊಟ್ಟರೆ ನಿಮಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು ಅನ್ನುವ ಸಣ್ಣ ಮುಳ್ಳೂ ಇದರಲ್ಲಿದೆ.

ಬೋರ್ಡ್ ನೋಡುವ ವಿಷಯಗಳನ್ನು ಸಿವಿಲ್ ಕೋರ್ಟ್ ನೋಡುವಂತಿಲ್ಲ ಅಂತ ಈ ಕಾಯ್ದೆ ಹೇಳುತ್ತದೆ. ಆಸ್ಪತ್ರೆಯ ವಕೀಲರು ಇದನ್ನೇ ಹಿಡಿದು ಗ್ರಾಹಕರ ಆಯೋಗಕ್ಕೂ ಅಧಿಕಾರ ಇಲ್ಲ ಅಂತ ವಾದಿಸಬಹುದು. ನಿಮ್ಮ ಕಡೆಯಿಂದಲೂ ಉತ್ತರ ಇದೆ. ಗ್ರಾಹಕ ಕಾಯ್ದೆ ಬೇರೆ ಕಾನೂನುಗಳ ಜೊತೆಗೆ ಇರುವ ಹೆಚ್ಚುವರಿ ಪರಿಹಾರ ಅಂತ ಅದರ 100ನೇ ಸೆಕ್ಷನ್‌ನಲ್ಲೇ ಇದೆ. ದೂರಿನಲ್ಲಿ ‘ಡೇಟಾ ಕಾಯ್ದೆ ಉಲ್ಲಂಘನೆ’ ಅಂತ ಬರೆಯುವುದಕ್ಕಿಂತ ‘ಸೇವೆಯಲ್ಲಿ ನ್ಯೂನತೆ’ ಅಂತ ಬರೆದರೆ ಈ ವಾದಕ್ಕೆ ಜಾಗ ಕಡಿಮೆ.

ಪೊಲೀಸ್ ದೂರು: ಬೆದರಿಕೆ ಇದ್ದರೆ ಮೊದಲು ಇಲ್ಲಿಗೇ

ಯಾರೋ ನಿಮ್ಮ ರಿಪೋರ್ಟು ತೋರಿಸಿ ದುಡ್ಡು ಕೇಳುತ್ತಿದ್ದಾರೆ, ನಿಮ್ಮ ಹೆಸರಲ್ಲಿ ಸಾಲ ಎತ್ತಿದ್ದಾರೆ, ಫೋಟೋ ಹರಡುತ್ತಿದ್ದಾರೆ ಅಂದರೆ ಮೇಲಿನ ಹೋಲಿಕೆ ಎಲ್ಲ ಆಮೇಲೆ ನೋಡೋಣ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಆ ಹಣವನ್ನು ಖಾತೆಗಳಲ್ಲಿ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೋ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲೋ ದೂರು ಕೊಡಿ. ಬೇರೆಯವರ ಗುರುತು ಬಳಸಿ ಮೋಸ ಮಾಡುವುದಕ್ಕೆ ಐಟಿ ಕಾಯ್ದೆಯ 66ಸಿ ಮತ್ತು 66ಡಿ, ಖಾಸಗಿ ಅಂಗಗಳ ಚಿತ್ರಕ್ಕೆ 66ಇ. ಒಳಗಿನ ನೌಕರನೇ ಒಪ್ಪಂದ ಮುರಿದು ಮಾಹಿತಿ ಮಾರಿಕೊಂಡಿದ್ದರೆ 72ಎ. ಇವೆಲ್ಲಕ್ಕೂ ಮೂರು ವರ್ಷದವರೆಗೆ ಜೈಲು ಇದೆ.

ಖರ್ಚಿಲ್ಲ. ಆದರೆ ಕದ್ದವನು ಎಲ್ಲೋ ದೇಶದ ಹೊರಗಿದ್ದರೆ ತನಿಖೆ ಮುಂದೆ ಸಾಗುವುದು ಕಷ್ಟ, ಪರಿಹಾರದ ಹಣವೂ ಈ ದಾರಿಯಲ್ಲಿ ಬರುವುದಿಲ್ಲ. ಎಫ್‌ಐಆರ್ ಪ್ರತಿ ಮಾತ್ರ ಮುಂದಿನ ಎಲ್ಲ ದಾರಿಗೂ ಬೇಕಾಗುವ ಕಾಗದ. ಬ್ಯಾಂಕಿಗೂ, ವಿಮಾ ಕಂಪನಿಗೂ, ಆಯೋಗಕ್ಕೂ.

ಸರ್ಕಾರಿ ಆಸ್ಪತ್ರೆಯಾದರೆ

ಎಲ್ಲರಿಗೂ ಪೂರ್ತಿ ಉಚಿತವಾಗಿದ್ದರೆ ಗ್ರಾಹಕ ಕಾನೂನು ಇಲ್ಲ, 43ಎ ಕಷ್ಟ. ಉಳಿದದ್ದು ಹೈಕೋರ್ಟು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಹೇಳಿದೆ. ಆ ಪ್ರಕರಣ ತಂದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅನ್ನುವುದು ನಮಗೆ ಒಂದು ಹೆಮ್ಮೆ. ಸರ್ಕಾರವೇ ಹಕ್ಕು ಕಾಪಾಡಲಿಲ್ಲ ಅಂತ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ಬೆಂಗಳೂರು, ಧಾರವಾಡ, ಕಲಬುರಗಿ, ಮೂರೂ ಕಡೆ ಪೀಠ ಇದೆ. ಆದರೆ ಇದು ಖರ್ಚಿನ ದಾರಿ, ವಕೀಲರಿಲ್ಲದೆ ಆಗದ ಕೆಲಸ. ಹೈಕೋರ್ಟ್ ಆಸ್ಪತ್ರೆಗೆ ನಿರ್ದೇಶನ ಕೊಡುತ್ತದೆ, ಮಾಹಿತಿ ತೆಗೆಸುತ್ತದೆ. ದೊಡ್ಡ ಮೊತ್ತದ ಪರಿಹಾರ ಅಪರೂಪ. ಅದಕ್ಕೂ ಮೊದಲು 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, ಸೋರಿಕೆ ಬಗ್ಗೆ ಏನು ತನಿಖೆ ಆಯಿತು ಅಂತ ಕೇಳಿ. 30 ದಿನದಲ್ಲಿ ಬರುವ ಉತ್ತರವೇ ನಿಮ್ಮ ರಿಟ್ ಅರ್ಜಿಯ ತಳಪಾಯ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ನಂಬರ್ 15100. ಮಹಿಳೆಯರಿಗೆ ಆದಾಯದ ಮಿತಿ ಇಲ್ಲ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ತಕ್ಷಣ ತೆಗೆಸಬೇಕಾದ ಮಾಹಿತಿ ಇದ್ದರೆ ಖಾಸಗಿ ಆಸ್ಪತ್ರೆಯ ವಿಷಯದಲ್ಲೂ ಕೋರ್ಟಿನ ತಡೆಯಾಜ್ಞೆ ಕೆಲಸಕ್ಕೆ ಬರುತ್ತದೆ. ಸ್ಟಾರ್ ಹೆಲ್ತ್ ಪ್ರಕರಣದಲ್ಲಿ ಕಂಪನಿಯೇ ಮದ್ರಾಸ್ ಹೈಕೋರ್ಟಿಗೆ ಹೋಗಿ, ಆ ಚಾಟ್‌ಬಾಟ್‌ಗಳನ್ನು ಮುಚ್ಚುವಂತೆ ಟೆಲಿಗ್ರಾಂ ವಿರುದ್ಧ ಮಧ್ಯಂತರ ಆದೇಶ ತಂದಿತು. ಅಂಥ ಖರ್ಚು ಒಬ್ಬ ರೋಗಿ ಹೊರುವುದು ಕಷ್ಟ. ಆದರೆ ‘ನೀವೇ ಹೋಗಿ ತಡೆಯಾಜ್ಞೆ ತನ್ನಿ’ ಅಂತ ಆಸ್ಪತ್ರೆಯನ್ನು ಪತ್ರದಲ್ಲಿ ಒತ್ತಾಯಿಸುವುದಕ್ಕೆ ಖರ್ಚೇನೂ ಇಲ್ಲವಲ್ಲ.

ಎಚ್‌ಐವಿ ಇರುವವರಿಗೆ ಬೇರೆಯದೇ ದಾರಿ

2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಉಳಿದ ರೋಗಿಗಳಿಗೆ ಇಲ್ಲದ ಎರಡು ಅನುಕೂಲ ಕೊಡುತ್ತದೆ. ಇಂಥ ದೂರು ಕೇಳಲೆಂದೇ ಇರುವ ರಾಜ್ಯದ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅವರು 30 ದಿನದೊಳಗೆ ಆದೇಶ ಮಾಡಬೇಕು. ಕೋರ್ಟಿಗೆ ಹೋದರೆ ನಿಮ್ಮ ಗುರುತು ಮರೆಮಾಡಿ, ಬೇರೆ ಹೆಸರಿನಲ್ಲಿ, ಮುಚ್ಚಿದ ಕೋಣೆಯಲ್ಲಿ ವಿಚಾರಣೆ ನಡೆಸುವಂತೆ ಕೇಳಲು ಕಾಯ್ದೆಯಲ್ಲೇ ಅವಕಾಶ ಇದೆ. ಮೇಲೆ ಹೇಳಿದ ನಾಲ್ಕನೇ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಬೇರೆ ಯಾವ ದಾರಿಯಲ್ಲೂ ಇಲ್ಲ. ಮನೋವೈದ್ಯರ ಹತ್ತಿರ ಚಿಕಿತ್ಸೆ ಪಡೆದವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಗೌಪ್ಯತೆಯ ಹಕ್ಕು ಕೊಟ್ಟಿದೆ. ಗ್ರಾಹಕರ ಆಯೋಗದ ದೂರಿನಲ್ಲಿ ಅದರ 23ನೇ ಸೆಕ್ಷನ್ ಉಲ್ಲೇಖಿಸಲು ಮರೆಯಬೇಡಿ.

ಸರ್ವರ್ ಸೋರಿದ್ದಲ್ಲ, ವೈದ್ಯರೇ ಬಾಯಿಬಿಟ್ಟಿದ್ದಾರೆ ಅಂದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಎಚ್ಚರಿಕೆ ಕೊಡುವುದರಿಂದ ಹಿಡಿದು ನೋಂದಣಿ ಪಟ್ಟಿಯಿಂದ ಹೆಸರು ತೆಗೆದುಹಾಕುವವರೆಗೆ ಅವರಿಗೆ ಅಧಿಕಾರ ಇದೆ, ಹಣ ಕೊಡಿಸುವ ಅಧಿಕಾರ ಇಲ್ಲ.

ಹಾಗಾದರೆ ಯಾರಿಗೆ ಯಾವುದು?

ಖಾಸಗಿ ಆಸ್ಪತ್ರೆ ಅಥವಾ ಲ್ಯಾಬು, ಹೇಳಿಕೊಳ್ಳುವಂಥ ಹಣದ ನಷ್ಟ ಇಲ್ಲ, ಮನಸ್ಸಿಗೆ ನೋವಾಗಿದೆ, ಬಜೆಟ್ ಕಡಿಮೆ: ಪತ್ರ ಬರೆದು ಒಂದು ತಿಂಗಳು ಕಾದು ಗ್ರಾಹಕರ ಆಯೋಗ. ಲಕ್ಷಗಟ್ಟಲೆ ನಷ್ಟ, ಬ್ಯಾಂಕ್ ಸ್ಟೇಟ್‌ಮೆಂಟ್ ಕೈಯಲ್ಲಿದೆ, ವಕೀಲರನ್ನು ಇಡಲು ಶಕ್ತಿ ಇದೆ: ಎಫ್‌ಐಆರ್ ಮಾಡಿಸಿ, 2027ರ ಮೇ ಒಳಗೆ 43ಎ. ಒಂದೇ ನಷ್ಟಕ್ಕೆ ಆಯೋಗದಲ್ಲೂ ಅಡ್ಜುಡಿಕೇಟಿಂಗ್ ಆಫೀಸರ್ ಹತ್ತಿರವೂ ಪರಿಹಾರ ಕೇಳಬೇಡಿ. ಎದುರಿನವರಿಗೆ ಸುಮ್ನೆ ಒಂದು ಆಕ್ಷೇಪಣೆ ಕೊಟ್ಟ ಹಾಗಾಗುತ್ತದೆ. ಪೊಲೀಸ್ ದೂರು ಮತ್ತು ಡೇಟಾ ಬೋರ್ಡಿನ ದೂರು ಇವೆರಡರ ಜೊತೆಗೂ ಸಾಗಬಹುದು, ಯಾಕೆಂದರೆ ಅಲ್ಲಿ ನೀವು ಕೇಳುವುದು ಹಣವನ್ನಲ್ಲ.

ಹಣ ಬೇಡ, ಇನ್ನೊಬ್ಬರಿಗೆ ಹೀಗಾಗಬಾರದು ಅನ್ನುವವರಿಗೆ 2027ರ ಮೇ ನಂತರ ಬೋರ್ಡೇ ಒಳ್ಳೆಯದು. ಕಾಯಿಲೆಯ ಹೆಸರು ಇನ್ನೊಂದು ಕಿವಿಗೆ ಬೀಳಬಾರದು ಅನ್ನುವವರು, ಎಚ್‌ಐವಿ ಕಾಯ್ದೆಯೂ ಅನ್ವಯಿಸದಿದ್ದರೆ, ಆಸ್ಪತ್ರೆಯ ಜೊತೆಗೇ ಮಾತಾಡಿ ಮುಗಿಸುವುದನ್ನು ಯೋಚಿಸಬಹುದು. ಅದು ಸೋಲಲ್ಲ. ವಕೀಲರ ನೋಟಿಸ್ ಒಂದು ಹೋದರೆ ಎಷ್ಟೋ ಆಸ್ಪತ್ರೆಗಳು ಮಾತಿಗೆ ಕೂರುತ್ತವೆ.

ಮಾತಿಗೆ ಕೂತಾಗ ಒಂದು ಕಾಗದ ಮುಂದಿಡುತ್ತಾರೆ. ಉಚಿತ ಹೆಲ್ತ್ ಚೆಕಪ್ ಕೂಪನ್ನೋ ಒಂದಿಷ್ಟು ಹಣವೋ ಕೊಟ್ಟು, ‘ಇನ್ನು ಮುಂದೆ ಈ ವಿಷಯದಲ್ಲಿ ಯಾವ ಹಕ್ಕೊತ್ತಾಯವೂ ಇಲ್ಲ’ ಅಂತ ಸಹಿ ಕೇಳುತ್ತಾರೆ. ಸೋರಿದ ವೈದ್ಯಕೀಯ ಮಾಹಿತಿ ಪಾಸ್‌ವರ್ಡ್ ಥರ ಬದಲಾಯಿಸಲು ಬರುವುದಿಲ್ಲ, ಎರಡು ವರ್ಷ ಬಿಟ್ಟೂ ಎಲ್ಲೋ ಮೇಲೇಳಬಹುದು. ಆದ್ದರಿಂದ ‘ಈವರೆಗೆ ಆದ ನಷ್ಟಕ್ಕೆ ಮಾತ್ರ’ ಅಂತ ಆ ಸಾಲು ತಿದ್ದಿಸಿ. ಯಾವ ಮಾಹಿತಿ ಸೋರಿದೆ ಅನ್ನುವ ಪಟ್ಟಿಯನ್ನು ಅದೇ ಕಾಗದಕ್ಕೆ ಸೇರಿಸಲು ಹೇಳಿ. ಒಪ್ಪಂದದ ವಿವರ ಹೊರಗೆ ಹೇಳಬಾರದು ಅನ್ನುವ ಷರತ್ತು ಹಾಕಿದರೆ ಅದು ಅವರಿಗೂ ಅನ್ವಯಿಸಲಿ. ಇಷ್ಟಕ್ಕೆ ಅವರು ಒಪ್ಪದಿದ್ದರೆ ಸಹಿ ಹಾಕದೆ ಎದ್ದು ಬನ್ನಿ, ಎರಡು ವರ್ಷದ ಗಡುವಿನಲ್ಲಿ ಇನ್ನೆಷ್ಟು ಉಳಿದಿದೆ ಅಂತ ನೋಡಿಕೊಂಡು ಇ-ಜಾಗೃತಿಯಲ್ಲಿ ದೂರು ಹಾಕಿ.